ಡಿಗ್ರಿ ಪ್ರಾಜೆಕ್ಟ್ ಮಾಡುವುದು ಹೇಗೆ? ಪ್ರಶ್ನೆಯಿಂದ ವೈವಾ ತನಕ: ಕಲಬುರಗಿ, ಬೀದರ್, ಯಾದಗಿರಿ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಡಿಗ್ರಿ ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗಳನ್ನು ಓದುವಾಗ ಒಂದೇ ತೊಂದರೆ ಪದೇ ಪದೇ ಕಣ್ಣಿಗೆ ಬೀಳುತ್ತದೆ. ವಿದ್ಯಾರ್ಥಿಗಳು ಕಷ್ಟಪಟ್ಟಿರುತ್ತಾರೆ. ಬಿಸಿಲಲ್ಲಿ ಊರೂರು ತಿರುಗಿ, ಕಟ್ಟುಗಟ್ಟಲೆ ಫಾರ್ಮ್ ತುಂಬಿಸಿಕೊಂಡು ಬಂದು, ಚೆಂದದ ಬೈಂಡಿಂಗ್ ಕೂಡ ಮಾಡಿಸಿರುತ್ತಾರೆ. ಆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) "ಇಷ್ಟೆಲ್ಲ ಮಾಡಿದ ಮೇಲೆ ನಿಮಗೆ ಗೊತ್ತಾಗಿದ್ದೇನು?" ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಇದಕ್ಕೆ ಕಾರಣ ದಡ್ಡತನ ಅಲ್ಲ, ಸೋಮಾರಿತನವೂ ಅಲ್ಲ. ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ, ಅಷ್ಟೇ. ಮೊದಲು ಶೀರ್ಷಿಕೆ, ಆಮೇಲೆ ಪ್ರಶ್ನಾವಳಿ, ಆಮೇಲೆ ಊರು. ತಿಳಿಯಬೇಕಾಗಿದ್ದೇನು ಎಂಬ ಯೋಚನೆ ಬರುವುದು ಕೊನೆಗೆ, ಡಿಟಿಪಿ ಅಂಗಡಿಯಲ್ಲಿ ಕೂತಾಗ. ಆ ಯೋಚನೆ ಎಲ್ಲಕ್ಕಿಂತ ಮೊದಲು ಬರಬೇಕು. ಬಿಎ, ಬಿಎಸ್ಸಿ, ಬಿಕಾಂ ಯಾವುದೇ ಇರಲಿ, ಕ್ರಮ ಒಂದೇ.

ಶುರುವಿಗೆ ಮುಂಚೆ ಕೈಯಲ್ಲಿ ಏನಿರಬೇಕು

ಹೊಲಿಗೆ ಹಾಕಿದ ಒಂದು ದಪ್ಪ ನೋಟ್‌ಬುಕ್ ಬೇಕು. ಹಾಳೆ ಕಿತ್ತರೆ ಗೊತ್ತಾಗುವಂಥದ್ದು. ಬರೆಯುವುದು ಬಾಲ್ ಪೆನ್ನಿನಲ್ಲಿ, ಯಾಕೆಂದರೆ ಬೆವರು, ನೀರು ಬಿದ್ದರೆ ಜೆಲ್ ಪೆನ್ನಿನ ಅಕ್ಷರ ಹರಡುತ್ತದೆ. ಧ್ವನಿಮುದ್ರಣ ಆಗುವ ಫೋನು, ಪವರ್ ಬ್ಯಾಂಕ್, ಎಲ್ಲವನ್ನೂ ಎರಡು ಕಡೆ ಇಡಲು ಒಂದು ಪೆನ್‌ಡ್ರೈವ್ ಮತ್ತು ಗೂಗಲ್ ಡ್ರೈವ್. ಲೆಕ್ಕಕ್ಕೆ ಎಕ್ಸೆಲ್ ಸಾಕು, ಅದಿಲ್ಲದಿದ್ದರೆ ಗೂಗಲ್ ಶೀಟ್ಸ್.

ಇನ್ನೊಂದು ಮುಖ್ಯವಾದದ್ದು ಯೂನಿಕೋಡ್ ಕನ್ನಡ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ವರದಿ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಅದರಲ್ಲಿ ಒಂದು ಪದ ಹುಡುಕುವುದೂ ಆಗುವುದಿಲ್ಲ. ಫೋನಿನಲ್ಲಿ ಜಿಬೋರ್ಡ್ ಹಾಕಿಕೊಂಡು ನೀವೇ ಟೈಪ್ ಮಾಡಿ. ಡಿಟಿಪಿಗೆ ಕೊಡಲೇಬೇಕಾದರೆ "ಯೂನಿಕೋಡ್‌ನಲ್ಲೇ ಬೇಕು" ಎಂದು ಮೊದಲೇ ಹೇಳಿ.

ಹಂತ 1: ಪ್ರಶ್ನೆ ಹಿಡಿಯಿರಿ, ಶೀರ್ಷಿಕೆ ಆಮೇಲೆ

"ಕಲಬುರಗಿ ಜಿಲ್ಲೆಯ ತೊಗರಿ ಬೆಳೆಗಾರರ ಸಮಸ್ಯೆಗಳು: ಒಂದು ಅಧ್ಯಯನ." ಇದು ಶೀರ್ಷಿಕೆ, ಪ್ರಶ್ನೆ ಅಲ್ಲ. ಇದಕ್ಕೆ ಉತ್ತರ ಹುಡುಕಲು ಹೊರಟರೆ ಮಳೆ, ರೇಟು, ಸಾಲ, ರೋಗ, ಕೂಲಿ ಎಲ್ಲದರ ಮೇಲೂ ಎರಡೆರಡು ಪುಟ ಬರೆಯಬೇಕಾಗುತ್ತದೆ. ಎಲ್ಲರಿಗೂ ಗೊತ್ತಿದ್ದದ್ದನ್ನೇ ಮತ್ತೆ ಬರೆದ ಹಾಗಾಗುತ್ತದೆ.

ಅದನ್ನೇ ಹೀಗೆ ಕೇಳಿ ನೋಡಿ: "ಆಳಂದ ತಾಲ್ಲೂಕಿನ ಈ ಎರಡು ಊರುಗಳಲ್ಲಿ, ತೊಗರಿಗೆ ನೆಟೆ ರೋಗ ಬಂದ ಮರುವರ್ಷ ರೈತರು ಬೀಜ ಬದಲಿಸಿದರೇ? ಬದಲಿಸಿದ್ದರೆ ಯಾರ ಮಾತು ಕೇಳಿ ಬದಲಿಸಿದರು? ಕೃಷಿ ಇಲಾಖೆಯದ್ದೋ, ಬೀಜದ ಅಂಗಡಿಯವರದ್ದೋ, ಪಕ್ಕದ ಹೊಲದವರದ್ದೋ?" ಈಗ ಯಾರನ್ನು ಕೇಳಬೇಕು, ಏನು ಕೇಳಬೇಕು, ಎಷ್ಟು ಜನ ಬೇಕು ಎಲ್ಲ ತಾನಾಗೇ ಗೊತ್ತಾಗುತ್ತದೆ. ಉತ್ತರ ಏನೇ ಬಂದರೂ ಅದು ಹೊಸ ವಿಷಯ.

ವಿಜ್ಞಾನದವರಿಗೂ ಇದೇ ಮಾತು. ಬೀದರಿನ ಬಿದ್ರಿ ಸಾಮಾನು ತಗೊಳ್ಳಿ. ಜಾಸ್ತಿ ಸತು, ಸ್ವಲ್ಪ ತಾಮ್ರ ಸೇರಿದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿದ ಬಿಸಿ ದ್ರಾವಣದಲ್ಲಿ ಹಾಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. "ಬಿದ್ರಿ ಕಲೆಯ ರಸಾಯನಶಾಸ್ತ್ರ" ಎಂದು ಬರೆಯಲು ಕೂತರೆ ನಕಲು ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲ. "ಕೋಟೆಯ ಮಣ್ಣಿನ ಬದಲು ನಮ್ಮ ಕಾಲೇಜಿನ ಹಿಂದಿನ ಮಣ್ಣು ಹಾಕಿದರೆ ಅಷ್ಟೇ ಕಪ್ಪು ಬರುತ್ತದೆಯೇ?" ಎಂದರೆ ಅದು ಪ್ರಯೋಗ. ಒಂದು ಪಾತ್ರೆಯಲ್ಲಿ ಕೋಟೆ ಮಣ್ಣು, ಒಂದರಲ್ಲಿ ಬೇರೆ ಮಣ್ಣು, ಮೂರನೆಯದರಲ್ಲಿ ಮಣ್ಣೇ ಇಲ್ಲದೆ ಬರೀ ನವಸಾಗರದ ನೀರು. ಈ ಮೂರನೆಯ ಪಾತ್ರೆಯನ್ನು ಬಿಡುವವರೇ ಜಾಸ್ತಿ. ಅದಿಲ್ಲದಿದ್ದರೆ ಕಪ್ಪು ಬಂದದ್ದು ಮಣ್ಣಿನಿಂದಲೋ ನವಸಾಗರದಿಂದಲೋ ಹೇಳಲಾಗುವುದಿಲ್ಲ. ಲೋಹ ಒಂದೇ, ಹೊತ್ತು ಒಂದೇ, ಕಾವು ಒಂದೇ ಇರಲಿ. ಪ್ರತಿಯೊಂದನ್ನೂ ಕನಿಷ್ಠ ಮೂರು ಸಲ ಮಾಡಿ. ಆವಿ ಕಣ್ಣು, ಗಂಟಲಿಗೆ ಉರಿಯುತ್ತದೆ. ಹಾಗಾಗಿ ಲ್ಯಾಬಿನಲ್ಲೇ, ಮೇಷ್ಟ್ರ ಎದುರಿಗೇ ಮಾಡಿ. ಕೋಟೆ ಸಂರಕ್ಷಿತ ಸ್ಮಾರಕ, ಅಲ್ಲಿ ಮಣ್ಣು ಅಗೆಯಲು ಹೋಗಬೇಡಿ. ಬಿದ್ರಿ ಕೆಲಸದವರ ಹತ್ತಿರವೇ ಒಂದು ಹಿಡಿ ಕೇಳಿ.

ಅದೇ ಬಿದ್ರಿ ಮೇಲೆ ಸಮಾಜಶಾಸ್ತ್ರದವರು ಬೇರೆ ಪ್ರಶ್ನೆ ಕೇಳಬಹುದು: "ಅಚ್ಚು, ಕೆತ್ತನೆ, ಬೆಳ್ಳಿ ಕೂರಿಸುವುದು, ಪಾಲಿಶ್. ಇದರಲ್ಲಿ ಮನೆಯ ಹೆಣ್ಣುಮಕ್ಕಳು ಮಾಡುವ ಕೆಲಸ ಯಾವುದು? ಅದಕ್ಕೆ ಕೂಲಿ ಲೆಕ್ಕ ಇದೆಯೇ?" ರಸಾಯನಶಾಸ್ತ್ರದ ಒಬ್ಬರು, ಸಮಾಜಶಾಸ್ತ್ರದ ಒಬ್ಬರು ಸೇರಿ ಒಂದೇ ಮನೆಗೆ ಹೋದರೆ ಇಬ್ಬರ ಕೆಲಸವೂ ಚೆನ್ನಾಗಿ ಆಗುತ್ತದೆ.

ಪ್ರಶ್ನೆ ಸರಿ ಇದೆಯೇ ಎಂದು ನೋಡಲು ಹೀಗೆ ಮಾಡಿ. ಬರಬಹುದಾದ ಎರಡು ಬೇರೆ ಬೇರೆ ಉತ್ತರಗಳನ್ನು ಕಾಗದದ ಮೇಲೆ ಬರೆಯಿರಿ. ಎರಡೂ ನಿಜವಾಗಿರಲು ಸಾಧ್ಯ ಎನಿಸಿದರೆ ಪ್ರಶ್ನೆ ಗಟ್ಟಿ. ಒಂದೇ ಉತ್ತರ ಹೊಳೆದರೆ, ಅದು ನಿಮಗೆ ಆಗಲೇ ಗೊತ್ತಿರುವ ವಿಷಯ.

*ಎಚ್ಚರಿಕೆಯ ಗುರುತು:* ಪ್ರಶ್ನೆಯಲ್ಲಿ "ಪಾತ್ರ", "ಮಹತ್ವ", "ಸವಾಲುಗಳು", "ಒಂದು ಅವಲೋಕನ" ಎಂಬ ಮಾತು ಬಂದಿದ್ದರೆ ಅದಿನ್ನೂ ಪ್ರಶ್ನೆ ಆಗಿಲ್ಲ.

ಹಂತ 2: ಪ್ರಶ್ನೆಯನ್ನು ಕ್ಯಾಲೆಂಡರಿಗೆ ಹೊಂದಿಸಿ

ಒಂದು ಸೆಮಿಸ್ಟರಿಗೆ ಹೆಚ್ಚುಕಡಿಮೆ 16 ವಾರ ಸಿಗುತ್ತದೆ ಎಂದುಕೊಳ್ಳಿ. ಪ್ರಶ್ನೆಗೆ 2 ವಾರ, ಓದಿಗೆ 2, ಪೈಲಟ್‌ಗೆ (ಸಣ್ಣದಾಗಿ ಮಾಡಿ ನೋಡಲು) 1, ಮಾಹಿತಿ ಸಂಗ್ರಹಕ್ಕೆ 5, ಲೆಕ್ಕಕ್ಕೆ 3, ಬರವಣಿಗೆಗೆ 3. ಪರೀಕ್ಷೆ, ಹಬ್ಬ ಮಧ್ಯೆ ಬಂದರೆ ಕತ್ತರಿಸಬೇಕಾದದ್ದು ಸಂಗ್ರಹದ ವಾರಗಳನ್ನು, ಲೆಕ್ಕದ ವಾರಗಳನ್ನಲ್ಲ. ಹತ್ತು ಮನೆ ಕಡಿಮೆಯಾದರೆ ನಡೆಯುತ್ತದೆ. ಲೆಕ್ಕವೇ ಆಗದಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ನಮ್ಮ ಕಡೆಯ ಕಾಲಮಾನವನ್ನೂ ನೋಡಬೇಕು. ತೊಗರಿ ಬಿತ್ತುವುದು ಜೂನ್, ಜುಲೈನಲ್ಲಿ. ರಾಶಿ ಆಗುವುದು ಡಿಸೆಂಬರ್, ಜನವರಿಗೆ. ಫೆಬ್ರವರಿಯಲ್ಲಿ ಪ್ರಾಜೆಕ್ಟ್ ಶುರುವಾದರೆ ಹೊಲದಲ್ಲಿ ರೋಗ ಬಂದ ಗಿಡ ನೋಡಲು ಸಿಗುವುದಿಲ್ಲ, ರೈತರ ನೆನಪು ಮಾತ್ರ ಸಿಗುತ್ತದೆ. ಆಗ ನೆನಪಿನ ಮೇಲೆ ನಿಲ್ಲುವ ಪ್ರಶ್ನೆ ಕೇಳಿ, ಗಿಡ ಎಣಿಸುವ ಪ್ರಶ್ನೆ ಬೇಡ. ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳನ್ನು ಸಂಗ್ರಹಿಸುವವರು ಹಬ್ಬದ ತಾರೀಖು ಮೊದಲು ನೋಡಿಕೊಳ್ಳಿ. ಚಾಂದ್ರಮಾನದ ಲೆಕ್ಕವಾದ್ದರಿಂದ ಅದು ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ನೀರಿನ ಮೇಲೆ ಕೆಲಸ ಮಾಡುವವರಿಗೆ ಮಳೆಗಾಲದ ಮುಂಚಿನ ಮಾದರಿ, ನಂತರದ ಮಾದರಿ ಎರಡೂ ಬೇಕಾದರೆ ಒಂದು ಸೆಮಿಸ್ಟರಿನಲ್ಲಿ ಆಗದು. ಹಿಂದಿನ ಸೆಮಿಸ್ಟರಿನಲ್ಲೇ ಶುರು ಮಾಡಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗ್ಗೆ ಏಳರಿಂದ ಹತ್ತು, ಸಂಜೆ ಐದರ ಮೇಲೆ ಮಾತ್ರ ಕ್ಷೇತ್ರಕಾರ್ಯ. ಕೆಕೆಆರ್‌ಟಿಸಿ ಸಾಮಾನ್ಯ ಬಸ್ಸಿನಲ್ಲಿ ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚಿಲ್ಲ. ಆದರೆ ಊರಿನಿಂದ ವಾಪಸ್ ಬರುವ ಕೊನೆಯ ಬಸ್ ಎಷ್ಟು ಗಂಟೆಗೆ ಎಂದು ಕೇಳಿಕೊಂಡೇ ಊರು ಆರಿಸಿ. ಒಬ್ಬೊಬ್ಬರೇ ಹೋಗಬೇಡಿ.

ಹಂತ 3: ಈಗಾಗಲೇ ಏನಿದೆ ಎಂದು ಹುಡುಕಿ

ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಹಳೆಯ ಪುಸ್ತಕಗಳಿಗೆ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಇಂಟರ್ನೆಟ್ ಆರ್ಕೈವ್ ನೋಡಿ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಗ್ರಂಥಾಲಯಗಳಿಗೆ ಹೋಗುವುದಾದರೆ ನಿಮ್ಮ ಕಾಲೇಜಿನ ಪತ್ರ ಒಯ್ಯಿರಿ. ಬೀದರಿನವರು ದನಕರು, ಮೀನು, ಹಾಲಿನ ವಿಷಯಕ್ಕೆ ಪಶುವೈದ್ಯ ವಿಶ್ವವಿದ್ಯಾಲಯದ ಕಡೆ ನೋಡಬಹುದು. ಮಳೆಯ ಅಂಕಿ-ಅಂಶಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಅಂತರ್ಜಲಕ್ಕೆ ಕೇಂದ್ರ ಅಂತರ್ಜಲ ಮಂಡಳಿ. ಕಚೇರಿಯಲ್ಲಿ ಸಿಗದ ದಾಖಲೆಗೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಹಾಗಾಗಿ ಅರ್ಜಿ ಮೊದಲ ವಾರವೇ ಹೋಗಬೇಕು.

ಇಲ್ಲಿ ನಮ್ಮ ಭಾಗದ ವಿದ್ಯಾರ್ಥಿಗಳು ಬೀಳುವ ಒಂದು ದೊಡ್ಡ ಗುಂಡಿ ಇದೆ. ಇತಿಹಾಸ, ಅರ್ಥಶಾಸ್ತ್ರ, ಭೂಗೋಳ ಮೂರೂ ವಿಷಯದವರು ಗಮನ ಕೊಟ್ಟು ಓದಿ.

1956ರ ನವೆಂಬರ್ 1ಕ್ಕೆ ಮುಂಚಿನ ಕಲಬುರಗಿ, ಬೀದರ್ ಅಂಕಿ-ಅಂಶ ಮೈಸೂರು ರಾಜ್ಯದ ಸಂಪುಟಗಳಲ್ಲಿ ಇರುವುದಿಲ್ಲ. ಹೈದರಾಬಾದ್ ರಾಜ್ಯದ ಸಂಪುಟಗಳಲ್ಲಿ ಹುಡುಕಬೇಕು. ಅಲ್ಲಿ ಸಿಕ್ಕಿತು ಎಂದು 1951ರ ಬೀದರ್ ಜನಸಂಖ್ಯೆಯನ್ನು 1961ರ ಬೀದರ್ ಪಕ್ಕ ಇಟ್ಟು "ಇಷ್ಟು ಇಳಿಯಿತು" ಎಂದು ಬರೆಯಬೇಡಿ. 1956ರಲ್ಲಿ ಉದಗೀರ, ನಿಲಂಗಾ, ಅಹಮದ್‌ಪುರ ಮಹಾರಾಷ್ಟ್ರದ ಕಡೆಗೆ, ಆಗಿನ ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಹೆಸರು ಅದೇ, ಜಿಲ್ಲೆ ಅದಲ್ಲ. ಗುಲಬರ್ಗಾ ಜಿಲ್ಲೆಯಿಂದಲೂ ಕೊಡಂಗಲ್, ತಾಂಡೂರು ಬಿಟ್ಟುಹೋದವು.

ಯಾದಗಿರಿಯದ್ದು ಇನ್ನೊಂದು ಕಥೆ. 2011ರ ಜನಗಣತಿಯಲ್ಲಿ ಅದು ಜಿಲ್ಲೆ. 2001ರಲ್ಲಿ ಅದು ಗುಲಬರ್ಗಾ ಜಿಲ್ಲೆಯೊಳಗಿನ ತಾಲ್ಲೂಕುಗಳು. ಹೋಲಿಸಬೇಕಾದರೆ 2001ರ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಕೂಡಿಸಿಕೊಳ್ಳಬೇಕು. ಹಾಗೇ ಗುಲಬರ್ಗಾದ 2001ರ ಲೆಕ್ಕದಿಂದ ಆ ಮೂರನ್ನು ಕಳೆಯಬೇಕು. ಹುಣಸಗಿ, ವಡಗೇರಾ, ಗುರುಮಠಕಲ್, ಯಡ್ರಾಮಿ, ಕಾಳಗಿ, ಕಮಲಾಪುರ, ಚಿಟಗುಪ್ಪ, ಹುಲಸೂರು ಇವೆಲ್ಲ 2011ರ ನಂತರ ತಾಲ್ಲೂಕು ಆದವು. "2011ರ ಜನಗಣತಿ ಪ್ರಕಾರ ಹುಣಸಗಿ ತಾಲ್ಲೂಕಿನ ಜನಸಂಖ್ಯೆ" ಎಂದು ಎಲ್ಲಾದರೂ ಓದಿದರೆ, ಆ ಲೆಕ್ಕ ಯಾರು ಹೇಗೆ ಕೂಡಿಸಿದರು ಎಂದು ಕೇಳಿ. ಗ್ರಾಮವಾರು ಪಟ್ಟಿ ಇಳಿಸಿಕೊಂಡು ನೀವೇ ಕೂಡಿಸುವುದು ಸರಿಯಾದ ದಾರಿ.

ಚಾಟ್‌ಬಾಟ್ ಬಗ್ಗೆ ಒಂದು ಮಾತು. ಓದಬೇಕಾದ ಪುಸ್ತಕದ ಪಟ್ಟಿ ಅದನ್ನು ಕೇಳಬೇಡಿ. ಇಲ್ಲದ ಪುಸ್ತಕ, ಇಲ್ಲದ ಲೇಖನವನ್ನು ಪುಟಸಂಖ್ಯೆ ಸಮೇತ ಕೊಡುವುದುಂಟು. ನೀವು ಕೈಯಲ್ಲಿ ಹಿಡಿದು ನೋಡದ, ತೆರೆದು ಓದದ ಯಾವುದೂ ವರದಿಯಲ್ಲಿ ಬರಬಾರದು. ವೈವಾದಲ್ಲಿ "ಈ ಪುಸ್ತಕ ಎಲ್ಲಿ ಸಿಕ್ಕಿತು?" ಎಂಬ ಒಂದೇ ಪ್ರಶ್ನೆಗೆ ಎಲ್ಲ ಹೊರಬೀಳುತ್ತದೆ.

ಹಂತ 4: ಅನುಮತಿ ಮತ್ತು ಒಪ್ಪಿಗೆ

ಕಾಲೇಜಿನ ಲೆಟರ್‌ಹೆಡ್ ಮೇಲೆ ಪರಿಚಯ ಪತ್ರ, ವಿಭಾಗದ ಮುಖ್ಯಸ್ಥರ ಸಹಿ. ಅದರ ಹತ್ತು ಪ್ರತಿ ಇಟ್ಟುಕೊಳ್ಳಿ. ಊರಿಗೆ ಹೋದಾಗ ಮೊದಲು ಪಂಚಾಯ್ತಿಗೆ ಹೋಗಿ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಒಂದು ಪ್ರತಿ ಕೊಡಿ. ಇದು ಬರೀ ಮರ್ಯಾದೆಯ ಮಾತಲ್ಲ. ಫಾರ್ಮ್ ಹಿಡಿದು ಮನೆ ಮನೆ ತಿರುಗುವವರನ್ನು ಕಂಡರೆ ಜನ ರೇಷನ್ ಕಾರ್ಡ್ ರದ್ದು ಮಾಡಲು ಬಂದವರು ಎಂದುಕೊಳ್ಳುತ್ತಾರೆ. ಆಗ ಎಲ್ಲರ ಹೊಲವೂ ಒಂದು ಎಕರೆ ಆಗಿಬಿಡುತ್ತದೆ.

ಶಾಲೆಯಲ್ಲಿ ಮಕ್ಕಳನ್ನು ಮಾತಾಡಿಸುವುದಾದರೆ ಮುಖ್ಯ ಗುರುಗಳ ಅನುಮತಿ ಜೊತೆ ಮನೆಯವರ ಒಪ್ಪಿಗೆಯೂ ಬೇಕು. ಚಿಂಚೋಳಿ ವನ್ಯಧಾಮದ ಒಳಗೆ ಗಿಡ, ಪ್ರಾಣಿ ಎಣಿಸಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹೋಗಲೇಬೇಡಿ. ಬೀದರ್ ಕೋಟೆ, ಕಲಬುರಗಿ ಕೋಟೆ, ಸನ್ನತಿ ಪಕ್ಕದ ಕನಗನಹಳ್ಳಿಯಂಥ ಸಂರಕ್ಷಿತ ಜಾಗಗಳಲ್ಲಿ ಏನು ಮಾಡಬಹುದು ಎಂದು ಪುರಾತತ್ವ ಇಲಾಖೆಯನ್ನು ಕೇಳಿ. ಬಿದ್ದಿರುವ ಮಡಕೆ ಚೂರು, ಕಲ್ಲಿನ ಚೂರು ಒಂದನ್ನೂ ಎತ್ತಿಕೊಂಡು ಬರಬಾರದು. ಹುಣಸಗಿ ಸುತ್ತಮುತ್ತ ಹಳೆಯ ಶಿಲಾಯುಗದ ನೆಲೆಗಳಿವೆ. ಅಲ್ಲಿ ಕಲ್ಲಿನ ಕೊಡಲಿ ಕಂಡರೂ ಇದ್ದಲ್ಲೇ ಬಿಟ್ಟು ಫೋಟೊ ತೆಗೆಯಿರಿ. ಜಾಗ ತಪ್ಪಿದ ಕಲ್ಲಿನಿಂದ ಮುಂದಿನವರಿಗೆ ಏನೂ ತಿಳಿಯುವುದಿಲ್ಲ.

ಒಪ್ಪಿಗೆ ಎಂದರೆ ಬರೀ ಸಹಿ ಅಲ್ಲ. ನೀವು ಯಾರು, ಯಾಕೆ ಕೇಳುತ್ತೀರಿ, ಹೆಸರು ಹಾಕುತ್ತೀರೋ ಇಲ್ಲವೋ, ಬೇಡ ಎನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ಇಷ್ಟನ್ನು ಅವರ ಮನೆ ಮಾತಿನಲ್ಲಿ ಹೇಳಬೇಕು. ತಾಂಡಾದಲ್ಲಿ ಲಂಬಾಣಿ ಬರುವ, ಬೀದರಿನ ಓಣಿಗಳಲ್ಲಿ ದಖ್ಖನಿ ಬರುವ ಗೆಳೆಯರೊಬ್ಬರು ಜೊತೆಗಿರಲಿ. ಓದು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ, ಹೆಬ್ಬೆಟ್ಟು ಎಂದರೆ ಸಾಲದ ಕಾಗದ ಎಂಬ ಭಯ ಇನ್ನೂ ಇದೆ. ಅವರ ಬಾಯಿಂದಲೇ ಒಪ್ಪಿಗೆಯ ಮಾತು ರೆಕಾರ್ಡ್ ಮಾಡಿಕೊಂಡರೆ ಸಾಕು.

ಹಂತ 5: ಸಣ್ಣದಾಗಿ ಮಾಡಿ ನೋಡಿ

ಹೆಚ್ಚಿನವರು ಈ ಹಂತವನ್ನು ಬಿಟ್ಟೇ ಬಿಡುತ್ತಾರೆ. ಐದು ಮನೆ, ಎರಡು ಬೋರ್‌ವೆಲ್, ಒಂದು ಸಂದರ್ಶನ, ಒಂದು ಶಾಸನ. ಅಷ್ಟನ್ನೇ ಪೂರ್ತಿ ಮಾಡಿ, ಲೆಕ್ಕದ ತನಕ ಒಯ್ದು ನೋಡಿ. ಫಾರ್ಮಿನ ಎಲ್ಲ ತಪ್ಪು ಇಲ್ಲೇ ಸಿಗುತ್ತದೆ.

"ನಿಮ್ಮ ವಾರ್ಷಿಕ ಆದಾಯ ಎಷ್ಟು?" ಎಂದು ಕೇಳಿದರೆ ಸುಮ್ನೆ ಒಂದು ಅಂಕಿ ಹೇಳುತ್ತಾರೆ. ಅದನ್ನೇ "ಕಾಕಾ, ಹ್ವಾದ ವರ್ಷ ತೊಗರಿ ಎಷ್ಟ್ ಚೀಲ ಆದ್ವುರಿ? ಯಾವ ರೇಟಿಗಿ ಹೋದ್ವು?" ಎಂದು ಕೇಳಿ. ಯೋಚನೆ ಮಾಡಿ ಹೇಳುತ್ತಾರೆ, ಯಾಕೆಂದರೆ ಅವರು ಲೆಕ್ಕ ಇಡುವುದೇ ಹಾಗೆ. ಅವರ ಚೀಲ ಎಷ್ಟು ಕೆಜಿಯದ್ದು ಎಂದೂ ಅಲ್ಲೇ ಕೇಳಿ ಬರೆದುಕೊಳ್ಳಿ. "ಸರ್ಕಾರದ ಯೋಜನೆಯಿಂದ ನಿಮಗೆ ಅನುಕೂಲ ಆಗಿದೆ ಅಲ್ವಾ?" ಎಂಬಂಥ ಪ್ರಶ್ನೆ ಫಾರ್ಮಿನಲ್ಲಿದ್ದರೆ ತೆಗೆದುಹಾಕಿ. ಉತ್ತರವನ್ನು ನೀವೇ ಅವರ ಬಾಯಿಗೆ ಹಾಕಿದ ಹಾಗಾಯಿತು.

ಎರಡು ಪುಟಕ್ಕಿಂತ ದೊಡ್ಡ ಫಾರ್ಮ್ ಬೇಡ. ಪ್ರತಿ ಪ್ರಶ್ನೆಗೂ "ಇದರ ಉತ್ತರ ನನ್ನ ಮುಖ್ಯ ಪ್ರಶ್ನೆಗೆ ಎಲ್ಲಿ ಬೇಕು?" ಎಂದು ಕೇಳಿಕೊಳ್ಳಿ. ಬೇಕಿಲ್ಲದಿದ್ದರೆ ಹೊಡೆದುಹಾಕಿ.

ಹಂತ 6: ಮಾಹಿತಿ ಸಂಗ್ರಹ

*ಮನೆ ಮನೆ ಸಮೀಕ್ಷೆ.* ಅಗಸಿ ಹತ್ತಿರ, ಕಟ್ಟೆ ಮೇಲೆ ಸಿಕ್ಕವರನ್ನೆಲ್ಲ ಕೇಳಿ ಫಾರ್ಮ್ ತುಂಬಿದರೆ ನಿಮ್ಮ ಊರಿನಲ್ಲಿ ಹೆಂಗಸರೂ ಇಲ್ಲ, ಕೂಲಿಯವರೂ ಇಲ್ಲ ಎಂದಾಗುತ್ತದೆ. ಊರಿನ ಎಲ್ಲ ಓಣಿಗಳ ನಕ್ಷೆ ಕೈಯಲ್ಲೇ ಬರೆದುಕೊಳ್ಳಿ. ಪ್ರತಿ ಓಣಿಯಲ್ಲಿ ಐದನೆಯ ಮನೆ, ಹತ್ತನೆಯ ಮನೆ ಎಂದು ಎಣಿಸಿ ಹೋಗಿ. ಹೆಣ್ಣುಮಕ್ಕಳು ಮಾತಿಗೆ ಸಿಗುವುದು ಮಧ್ಯಾಹ್ನದ ಕೆಲಸ ಮುಗಿದ ಮೇಲೆ. ಆಗ ವಿದ್ಯಾರ್ಥಿನಿಯರು ಹೋದರೆ ಮಾತು ಸಲೀಸು.

ಬೀಗ ಹಾಕಿದ ಮನೆ ಬಂದರೆ ಪಕ್ಕದ ಮನೆಗೆ ಹೋಗಿ ಫಾರ್ಮ್ ತುಂಬಿಸುವುದು ಎಲ್ಲರೂ ಮಾಡುವ ತಪ್ಪು. ನಮ್ಮ ಮೂರೂ ಜಿಲ್ಲೆಗಳಿಂದ ಕುಟುಂಬ ಸಮೇತ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುವವರು ಬಹಳ. ಸುಗ್ಗಿ ಮುಗಿದ ಮೇಲೆ ಕೆಲವು ತಾಂಡಾಗಳಲ್ಲಿ ಅಜ್ಜ-ಅಜ್ಜಿ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ನೀವು ಬಡತನ, ಶಿಕ್ಷಣ, ಆರೋಗ್ಯ ಏನೇ ಕೇಳಲು ಹೋಗಿದ್ದರೂ, ಯಾರ ಉತ್ತರ ಎಲ್ಲಕ್ಕಿಂತ ಮುಖ್ಯವೋ ಅವರೇ ಆ ಬೀಗದ ಹಿಂದಿನವರು. ಬೀಗದ ಮನೆಗೂ ಒಂದು ಫಾರ್ಮ್ ಇಡಿ. ಎಷ್ಟು ತಿಂಗಳಿಂದ ಬೀಗ, ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದು ಪಕ್ಕದವರನ್ನು ಕೇಳಿ ಬರೆಯಿರಿ. ವರದಿಯಲ್ಲಿ "ಆರಿಸಿದ ಮನೆಗಳಲ್ಲಿ ಇಷ್ಟಕ್ಕೆ ಬೀಗವಿತ್ತು" ಎಂದು ಸ್ಪಷ್ಟವಾಗಿ ಹೇಳಿ.

*ಸಂದರ್ಶನ, ಹಾಡು, ಕಥೆ.* ಫ್ಯಾನ್ ಕೆಳಗೆ ಕೂರಬೇಡಿ, ರೆಕಾರ್ಡಿಂಗ್‌ನಲ್ಲಿ ಗಾಳಿಯದ್ದೇ ಸದ್ದು ಬರುತ್ತದೆ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಶುರುವಿನಲ್ಲೇ ತಾರೀಖು, ಊರು, ಹಾಡುವವರ ಹೆಸರು ನೀವೇ ಹೇಳಿ ರೆಕಾರ್ಡ್ ಮಾಡಿ. ಒಂದು ಗಂಟೆಯ ಮಾತನ್ನು ಬರಹಕ್ಕೆ ಇಳಿಸಲು ನಾಲ್ಕರಿಂದ ಆರು ಗಂಟೆ ಬೇಕು. ಈ ಲೆಕ್ಕ ಇಟ್ಟುಕೊಂಡೇ ಎಷ್ಟು ಸಂದರ್ಶನ ಎಂದು ತೀರ್ಮಾನಿಸಿ.

ಇಳಿಸುವಾಗ ಅವರ ಮಾತನ್ನು ಪುಸ್ತಕದ ಕನ್ನಡ ಮಾಡಬೇಡಿ. "ನಾವು ದುಡಿಯಲಾಕ ಹೋಗ್ಲಾಕತ್ತು ಹತ್ತ್ ವರ್ಷ ಆಯ್ತ್ರಿ" ಎಂದದ್ದನ್ನು "ನಾವು ಹತ್ತು ವರ್ಷಗಳಿಂದ ಉದ್ಯೋಗಕ್ಕಾಗಿ ವಲಸೆ ಹೋಗುತ್ತಿದ್ದೇವೆ" ಎಂದು ಬರೆದರೆ ಹೇಳಿದವರು ಮಾಯವಾಗುತ್ತಾರೆ. "ವಲಸೆ" ಎಂಬುದು ನಿಮ್ಮ ಮಾತು, ಅವರದು "ದುಡಿಯಲಾಕ" ಹೋಗುವುದು. ತತ್ವಪದ, ಹಂತಿ ಪದ (ರಾಶಿ ಮಾಡುವಾಗಿನ ಹಾಡು) ಸಂಗ್ರಹಿಸುವವರು ಪದದ ಜೊತೆ ಅದನ್ನು ಯಾರಿಂದ ಕಲಿತರು, ಯಾವಾಗ ಹಾಡುತ್ತಾರೆ, ಬೇರೆ ಊರಿನಲ್ಲಿ ಎಲ್ಲಿ ಬದಲಾಗುತ್ತದೆ ಎಂದೂ ಕೇಳಿ. ತತ್ವಪದಕಾರ ಕಡಕೋಳದ ಮಡಿವಾಳಪ್ಪನವರ ಒಂದೇ ಪದ ಎರಡು ಊರಿನಲ್ಲಿ ಎರಡು ರೀತಿ ಸಿಕ್ಕರೆ ಒಂದನ್ನು "ತಪ್ಪು" ಎಂದು ಬಿಡಬೇಡಿ. ಆ ವ್ಯತ್ಯಾಸದಲ್ಲೇ ಒಂದು ಪ್ರಾಜೆಕ್ಟ್ ಇದೆ.

*ನೀರಿನ ಮಾದರಿ.* ಬೋರ್‌ವೆಲ್ ಚಾಲೂ ಮಾಡಿ ಐದು-ಹತ್ತು ನಿಮಿಷ ನೀರು ಹರಿಯಲು ಬಿಡಿ. ಪೈಪಿನಲ್ಲಿ ನಿಂತ ನೀರು ಹೋಗಲಿ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಆಮೇಲೆ ತುಂಬಿ. ಫ್ಲೋರೈಡ್ ನೋಡುವುದಾದರೆ ಗಾಜಿನ ಬಾಟಲಿ ಬೇಡ, ಪಾಲಿಥೀನ್ ಬಾಟಲಿ ಬೇಕು. ಪಿಎಚ್ ಮತ್ತು ಉಷ್ಣತೆಯನ್ನು ಅಲ್ಲೇ ಅಳೆಯಿರಿ, ಲ್ಯಾಬಿಗೆ ಬರುವಷ್ಟರಲ್ಲಿ ಬದಲಾಗಿರುತ್ತದೆ. ನೈಟ್ರೇಟ್‌ಗೆ ಐಸ್ ಡಬ್ಬಿಯಲ್ಲಿ ಇಟ್ಟು ತಂದು ಎರಡು ದಿನದೊಳಗೆ ಪರೀಕ್ಷೆ ಮಾಡಿ. ಚೀಟಿ ಅಂಟಿಸುವುದು ಬಾಟಲಿಗೆ, ಮುಚ್ಚಳಕ್ಕಲ್ಲ. ಮುಚ್ಚಳ ಅದಲುಬದಲಾಗುತ್ತದೆ.

ಹೋಲಿಸಲು ಭಾರತೀಯ ಮಾನಕ ಐಎಸ್ 10500 ನೋಡಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ. ನೈಟ್ರೇಟ್ ಮಿತಿ 45 ಮಿಲಿಗ್ರಾಂ.

*ಶಾಸನ, ಶಿಲ್ಪ.* ಅಕ್ಷರದ ಮೇಲೆ ಸುಣ್ಣ, ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಹಚ್ಚಬೇಡಿ. ಕಲ್ಲು ಹಾಳಾಗುತ್ತದೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಅಕ್ಷರದ ಗುಳಿಯಲ್ಲಿ ನೆರಳು ಬಿದ್ದು ತಾನಾಗೇ ಎದ್ದು ಕಾಣುತ್ತದೆ. ನೆರಳಲ್ಲಿರುವ ಕಲ್ಲಿಗೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಪೂರ್ತಿ ಕಲ್ಲಿನದೊಂದು, ಸಾಲು ಸಾಲಿನದೊಂದು, ಸುತ್ತಲಿನ ಜಾಗದ್ದೊಂದು ಫೋಟೊ ಬೇಕು.

ಯಾವ ಕೆಲಸವೇ ಆಗಲಿ, ಆ ದಿನದ್ದನ್ನು ಆ ದಿನ ರಾತ್ರಿಯೇ ನೋಟ್‌ಬುಕ್ಕಿನಿಂದ ಕಂಪ್ಯೂಟರಿಗೆ ಏರಿಸಿ. ವಾರ ಬಿಟ್ಟರೆ ನಿಮ್ಮ ಅಕ್ಷರ ನಿಮಗೇ ಓದಲು ಬರುವುದಿಲ್ಲ.

*ಎಚ್ಚರಿಕೆಯ ಗುರುತು:* ಎಲ್ಲ ಫಾರ್ಮ್‌ಗಳೂ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದು ಕಾಟೂ ಇಲ್ಲದೆ ಇದ್ದರೆ ಗುಂಪಿನಲ್ಲಿ ಯಾರೋ ಹಾಸ್ಟೆಲ್‌ನಲ್ಲಿ ಕೂತು ತುಂಬಿದ್ದಾರೆ ಎಂದರ್ಥ. ಅಂಥ ಫಾರ್ಮ್ ಪೂರ್ತಿ ತೆಗೆದುಬಿಡಿ. ನಿಜವಾದ ಇಪ್ಪತ್ತು ಫಾರ್ಮಿನಿಂದ ಏನಾದರೂ ಹೇಳಬಹುದು, ಕಟ್ಟಿದ ನೂರು ಫಾರ್ಮಿನಿಂದ ಏನೂ ಹೇಳಲಾಗದು.

ಹಂತ 7: ಲೆಕ್ಕ

ಮೊದಲ ತಪ್ಪು ಎಕರೆ-ಗುಂಟೆಯದ್ದು. ಪಹಣಿಯಲ್ಲಿ 2-20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಅದು 2.5 ಎಕರೆ. ಎಕ್ಸೆಲ್‌ನಲ್ಲಿ 2.20 ಎಂದು ಹಾಕಿದರೆ ಲೆಕ್ಕ ತಪ್ಪು. 2-20 ಎಂದೇ ಹಾಕಿದರೆ ಎಕ್ಸೆಲ್ ಅದನ್ನು ಫೆಬ್ರವರಿ 20 ಎಂದು ತಾರೀಖು ಮಾಡಿಬಿಡಬಹುದು. ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಇಡಿ. ಮೂರನೆಯ ಕಾಲಂನಲ್ಲಿ ಗುಂಟೆಯನ್ನು 40ರಿಂದ ಭಾಗಿಸಿ ಕೂಡಿಸಿ.

ಎರಡನೆಯದು ಸರಾಸರಿ. ಐದು ಮನೆಗಳ ಹೊಲ 2, 3, 3, 4, 38 ಎಕರೆ ಇದೆ ಎಂದಿಟ್ಟುಕೊಳ್ಳಿ. ಸರಾಸರಿ 10 ಎಕರೆ. ಆದರೆ ಆ ಐವರಲ್ಲಿ ಹತ್ತು ಎಕರೆ ಆಸುಪಾಸಿನವರು ಒಬ್ಬರೂ ಇಲ್ಲ. ನಡುವಿನ ಬೆಲೆ, ಅಂದರೆ ಮಧ್ಯಾಂಕ, 3 ಎಕರೆ. ಅದು ನಿಜಕ್ಕೆ ಹತ್ತಿರ. ಎರಡನ್ನೂ ಕೊಡಿ, ವ್ಯತ್ಯಾಸ ಯಾಕೆ ಬಂತು ಎಂದೂ ಹೇಳಿ.

ಮೂರನೆಯದು ಶೇಕಡಾ. ಹನ್ನೆರಡು ಜನರನ್ನು ಕೇಳಿ "ಶೇ. 66.67 ಮಂದಿ ಒಪ್ಪಿದರು" ಎಂದು ಬರೆಯಬೇಡಿ. "ಹನ್ನೆರಡು ಜನರಲ್ಲಿ ಎಂಟು ಮಂದಿ" ಎನ್ನಿ.

ಪೈ ಚಾರ್ಟ್‌ಗಳ ಸಾಲು ಬೇಡ. ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಕೊಡುವ ಎರಡೋ ಮೂರೋ ಕೋಷ್ಟಕ ಸಾಕು. ಎರಡು ವಿಷಯ ಒಟ್ಟಿಗೆ ಹೆಚ್ಚಾಗಿವೆ ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎನ್ನಬೇಡಿ. ಕಾಲುವೆ ನೀರು ಬಂದ ಊರಲ್ಲಿ ಬೈಕು ಜಾಸ್ತಿಯೂ ಇರಬಹುದು, ಸಾಲ ಜಾಸ್ತಿಯೂ ಇರಬಹುದು. ಯಾವುದು ಯಾವುದರಿಂದ ಬಂತು ಎಂಬುದಕ್ಕೆ ಜನರ ಮಾತನ್ನೇ ಮತ್ತೆ ಕೇಳಬೇಕು.

ಹಂತ 8: ಬರವಣಿಗೆ

ಕ್ರಮ ಹೀಗಿರಲಿ: ಮೊದಲು ಏನು ಮಾಡಿದಿರಿ ಎಂಬ ಅಧ್ಯಾಯ, ಆಮೇಲೆ ಏನು ಸಿಕ್ಕಿತು, ಆಮೇಲೆ ಅದರ ಅರ್ಥ, ಕೊನೆಗೆ ಪೀಠಿಕೆ. ಶೀರ್ಷಿಕೆ ಎಲ್ಲಕ್ಕಿಂತ ಕೊನೆಗೆ. ಪೀಠಿಕೆಯಿಂದ ಶುರು ಮಾಡಿದವರು ಜಿಲ್ಲೆಯ ಅಕ್ಷಾಂಶ, ರೇಖಾಂಶ, ಬಹಮನಿ ಸುಲ್ತಾನರು, ಒಟ್ಟು ಜನಸಂಖ್ಯೆ ಎಂದು ಇಪ್ಪತ್ತು ಪುಟ ತುಂಬಿ ಸುಸ್ತಾಗುತ್ತಾರೆ. ನಿಮ್ಮ ಪ್ರಶ್ನೆ ಎರಡು ಊರಿನ ಬೀಜದ ಬಗ್ಗೆ ಇದ್ದರೆ ಅದ್ಯಾವುದೂ ಬೇಕಿಲ್ಲ.

ಬೇರೆಯವರ ವಾಕ್ಯ ತಗೊಂಡರೆ ಉದ್ಧರಣ ಚಿಹ್ನೆ ಹಾಕಿ, ಎಲ್ಲಿಂದ ಎಂದು ಅಲ್ಲೇ ಬರೆಯಿರಿ. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮದಲ್ಲಿ ಶೇ. 10ರ ತನಕದ ಹೋಲಿಕೆಗೆ ದಂಡವಿಲ್ಲ. ಹಾಗೆಂದು ಹತ್ತು ಭಾಗ ಕದಿಯಬಹುದು ಎಂದಲ್ಲ. ಇಂಗ್ಲಿಷ್ ಪುಸ್ತಕದ ಪ್ಯಾರಾವನ್ನು ಕನ್ನಡ ಮಾಡಿ ಹೆಸರು ಬಿಟ್ಟರೆ ಸಾಫ್ಟ್‌ವೇರ್ ಹಿಡಿಯದೇ ಇರಬಹುದು. ಆದರೂ ಅದು ಕಳ್ಳತನವೇ.

ನಿಮಗೆ ಆಗದೇ ಹೋದದ್ದನ್ನೂ ಬರೆಯಿರಿ. ಎರಡನೆಯ ಊರಿಗೆ ಮಳೆಯಿಂದ ಹೋಗಲಾಗಲಿಲ್ಲ, ಮೂವರು ಮಾತಾಡಲು ಒಪ್ಪಲಿಲ್ಲ, ಒಂದು ಮಾದರಿ ಚೆಲ್ಲಿಹೋಯಿತು. ಇದನ್ನು ಓದಿದ ಪರೀಕ್ಷಕರಿಗೆ ಉಳಿದದ್ದರ ಮೇಲೆ ನಂಬಿಕೆ ಹೆಚ್ಚಾಗುತ್ತದೆ.

ಹಂತ 9: ವೈವಾ, ಮತ್ತು ಆಮೇಲಿನ ಕೆಲಸ

ಮೂರು ವಾಕ್ಯ ಬಾಯಲ್ಲಿರಲಿ: ಏನು ಕೇಳಿದಿರಿ, ಹೇಗೆ ಹುಡುಕಿದಿರಿ, ಏನು ಸಿಕ್ಕಿತು. ಮೂಲ ನೋಟ್‌ಬುಕ್ ಜೊತೆಯಲ್ಲೇ ಒಯ್ಯಿರಿ. ಬಿಸಿಲು, ಧೂಳು ಹತ್ತಿದ ಆ ನೋಟ್‌ಬುಕ್ ತೆರೆದು ತೋರಿಸಿದರೆ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ.

ಆಮೇಲೆ ಊರಿಗೆ ಒಂದು ಸಲ ವಾಪಸ್ ಹೋಗಿ. ಒಂದೇ ಪುಟದಲ್ಲಿ, ಸುಲಭ ಕನ್ನಡದಲ್ಲಿ, ಏನು ತಿಳಿಯಿತು ಎಂದು ಬರೆದು ಪಂಚಾಯ್ತಿಗೂ ಮಾತಾಡಿದವರಿಗೂ ಕೊಡಿ. ನೀರಿನಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿ ಮೀರಿ ಬಂದಿದ್ದರೆ ಅದನ್ನು ವಾಟ್ಸಾಪ್‌ನಲ್ಲಿ ಹಂಚಲು ಹೋಗಬೇಡಿ. ಕಾಲೇಜಿನ ಲ್ಯಾಬಿನ ಫಲಿತಾಂಶ ಕೊನೆಯ ಮಾತಲ್ಲ. ಮೇಷ್ಟ್ರ ಜೊತೆ ಹೋಗಿ ಪಿಡಿಒ ಅವರಿಗೆ ಬರವಣಿಗೆಯಲ್ಲಿ ಕೊಟ್ಟು, ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷೆ ಮಾಡಿಸಲು ಕೇಳಿ. ತಡ ಮಾಡಬೇಡಿ. ವೈವಾ ಮುಗಿಯಲಿ ಎಂದು ಕಾಯುವ ವಿಷಯ ಅಲ್ಲ ಇದು.

ವರದಿಯ ಒಂದು ಪ್ರತಿ ಕಾಲೇಜು ಗ್ರಂಥಾಲಯಕ್ಕೆ ಕೊಡುವಾಗ ಖಾಲಿ ಫಾರ್ಮ್, ಊರಿನ ನಕ್ಷೆ, ಬೋರ್‌ವೆಲ್‌ಗಳು ಇರುವ ಜಾಗ, ಹೆಸರು ತೆಗೆದ ಎಕ್ಸೆಲ್ ಹಾಳೆ ನಾಲ್ಕನ್ನೂ ಜೊತೆಗಿಡಿ. ಮುಂದಿನ ಬ್ಯಾಚಿನವರು ಅದೇ ಬೋರ್‌ವೆಲ್‌ಗೆ, ಅದೇ ಓಣಿಗೆ ಮತ್ತೆ ಹೋಗಿ ಅದೇ ಪ್ರಶ್ನೆ ಕೇಳಬಹುದು. ಈ ವರ್ಷ ಬೀಗವಿದ್ದ ಮನೆಗಳ ಪಟ್ಟಿಯನ್ನೂ ಮನೆಯವರ ಹೆಸರಿಲ್ಲದೆ, ನಕ್ಷೆಯ ಮನೆ ನಂಬರಿನೊಂದಿಗೆ ಸೇರಿಸಿ. ಅವರು ಮೊದಲು ಹೋಗಬೇಕಾದದ್ದು ಅಲ್ಲಿಗೇ.